ಕಿಟಕಿಯ ತಂತಿಬಲೆ: ಒಂದು ಚಾರಿತ್ರಿಕ ವಿವೇಚನೆ

ರಾಜ್ಯಗಳ ಏಳುಬೀಳುಗಳನ್ನು ಸವಿಸ್ತಾರವಾಗಿ ನಿರೂಪಿಸಿದ ಚರಿತ್ರಕಾರರು ಮನೆಬಳಕೆಯ ಸಾಮಾನುಗಳತ್ತ ದೃಷ್ಟಿ ಹರಿಸಿರುವುದು ವಿರಳ. ಸೊಳ್ಳೆಯನ್ನು ತಡೆಯಲು ಕಿಟಕಿಗೆ ಹೊಡೆಯುವ ತಂತಿಬಲೆ ಹೀಗೆ ಉಪೇಕ್ಷಿತವಾದ ವಸ್ತುಗಳಲ್ಲೊಂದು. ಮಲೇರಿಯಾ ಮತ್ತು ಪೀತಜ್ವರಗಳನ್ನು ಹತ್ತಿಕ್ಕಿದ ಕೀರ್ತಿಯನ್ನು ನಾವು ಸಾಮಾನ್ಯವಾಗಿ ವಿಜ್ಞಾನಿಗಳಿಗೆ ಸಲ್ಲಿಸುತ್ತೇವೆ. ಬಲೆಯನ್ನು ಕಟ್ಟಿದ ಮತ್ತು ಹರಿದಾಗ ತೇಪೆ ಹಾಕಿದ ಕೈಗಳಿಗೂ ಅದರಲ್ಲಿ ಪಾಲುಂಟೆಂಬುದು ನಮ್ಮ ಅಭಿಪ್ರಾಯ.

ಈ ವಸ್ತುವಿನ ಮೂಲ ಜರಡಿಯಲ್ಲಿದೆ. ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಜಾರ್ಜ್‌ಟೌನಿನಲ್ಲಿ 1818ರಲ್ಲಿ ಆರಂಭವಾದ ಗಿಲ್ಬರ್ಟ್ ಮತ್ತು ಬೆನೆಟ್ ಸಂಸ್ಥೆ ಜರಡಿಗಳನ್ನು ತಯಾರಿಸುತ್ತಿತ್ತು. 1861ರಲ್ಲಿ ಅಂತರ್ಯುದ್ಧ ತೊಡಗಿ ದಕ್ಷಿಣದ ಮಾರುಕಟ್ಟೆ ಕೈತಪ್ಪಲು, ಮಾರಾಟವಾಗದೆ ಉಳಿದ ತಂತಿಯ ನೇಯ್ಗೆಗೆ ಬಣ್ಣ ಬಳಿದು ಕಿಟಕಿಗಳಿಗಾಗಿ ಮಾರಿದರೆಂದು ತಿಳಿದುಬರುತ್ತದೆ. ಕೊಂಡವರ ಉದ್ದೇಶ ನೊಣ ಸೊಳ್ಳೆಗಳ ಕಾಟದಿಂದ ಪಾರಾಗುವುದಷ್ಟೆ. ಸೊಳ್ಳೆ ರೋಗವಾಹಕವೆಂಬ ಅರಿವು ಆಗ ಇನ್ನೂ ಮೂಡಿರಲಿಲ್ಲ.

ಈ ಅರಿವಿನ ಕಥೆಯಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ. 1883ರ ಸುಮಾರಿಗೆ ಇಲ್ಲಿ ಸೇನಾವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಕಿಟಕಿಯ ಹೊರಗಿದ್ದ ತೊಟ್ಟಿಯಲ್ಲಿ ಸೊಳ್ಳೆಗಳು ಬೆಳೆಯುತ್ತಿದ್ದುದನ್ನು ಕಂಡು, ನೀರನ್ನು ಚೆಲ್ಲಿಸಿ ಕಾಟವನ್ನು ಕಳೆದುಕೊಂಡನು. ಅವನೇ 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಪರೋಪಜೀವಿಯನ್ನು ಸೊಳ್ಳೆಯ ಜಠರದಲ್ಲಿ ಗುರುತಿಸಿದನು.

ಇದಾದ ಮೂರು ವರ್ಷಗಳಲ್ಲಿ ತಂತಿಬಲೆಯೇ ಪ್ರಮಾಣವಾಗಿ ನಿಂತಿತು. 1900ರ ಜುಲೈಯಿಂದ ಅಕ್ಟೋಬರ್‌ವರೆಗೆ ಲೋ ಮತ್ತು ಸಾಂಬನ್ ಎಂಬ ವೈದ್ಯರು ರೋಮಿನ ಬಳಿಯ ಆಸ್ಟಿಯಾದ ಜೌಗುನೆಲದಲ್ಲಿ, ಬಲೆ ಹೊಡೆದ ಗುಡಿಸಲಲ್ಲಿ ವಾಸಿಸಿದರು. ಸೂರ್ಯಾಸ್ತಕ್ಕೆ ಮೊದಲೇ ಒಳಸೇರುತ್ತಿದ್ದರು, ಕ್ವಿನೈನ್ ಸೇವಿಸಲಿಲ್ಲ, ಆದರೂ ಜ್ವರ ಬರಲಿಲ್ಲ. ಅದೇ ಡಿಸೆಂಬರಿನಲ್ಲಿ ವಾಲ್ಟರ್ ರೀಡ್ ಕ್ಯೂಬಾದಲ್ಲಿ ಒಂದು ಕೋಣೆಯನ್ನು ತಂತಿಬಲೆಯಿಂದ ಇಬ್ಭಾಗ ಮಾಡಿಸಿದನು. ಸೊಳ್ಳೆಗಳಿದ್ದ ಭಾಗದಲ್ಲಿ ಮಲಗಿದ ಮೋರಾನ್ ಎಂಬವನಿಗೆ ಪೀತಜ್ವರ ತಗುಲಿತು. ಅದೇ ಗಾಳಿಯನ್ನು ಉಸಿರಾಡುತ್ತ ಬಲೆಯ ಇನ್ನೊಂದು ಪಕ್ಕದಲ್ಲಿದ್ದವರು ಆರೋಗ್ಯವಾಗಿ ಉಳಿದರು. ಕೆಟ್ಟ ಗಾಳಿಯೇ ರೋಗಕಾರಣವೆಂಬ ಹಳೆಯ ನಂಬಿಕೆಗೆ ಇದಕ್ಕಿಂತ ಸರಳವಾದ ಖಂಡನೆ ದೊರೆಯಲಾರದು.

ಆದರೆ ಪ್ರಯೋಗಕ್ಕೆ ಕೆಲವು ತಿಂಗಳು ಸಾಕು. ಸಂಸಾರಕ್ಕೆ ವರ್ಷಗಳುದ್ದ ರಕ್ಷಣೆ ಬೇಕು. 1904ರಲ್ಲಿ ಪನಾಮಾ ಕಾಲುವೆಯ ಕೆಲಸವನ್ನು ಕೈಗೊಂಡ ಅಮೆರಿಕನ್ನರಿಗೆ ಈ ವ್ಯತ್ಯಾಸ ಬೇಗನೆ ಮನದಟ್ಟಾಯಿತು. ಅಲ್ಲಿಯ ತೇವದ ಉಪ್ಪುಗಾಳಿಗೆ ಕಬ್ಬಿಣದ ತಂತಿ ತುಕ್ಕು ಹಿಡಿಯುತ್ತಿದ್ದುದರಿಂದ ತಾಮ್ರದ ಮತ್ತು ಕಂಚಿನ ಬಲೆಗಳನ್ನು ಬಳಸಬೇಕಾಯಿತು. ಒಂದೇ ರಂಧ್ರವಾದರೂ ಸೊಳ್ಳೆಗೆ ಬಾಗಿಲು ತೆರೆದಂತೆಯೇ. ಒಳಹೊಕ್ಕ ಸೊಳ್ಳೆಗೆ ಬಲೆ ಪಂಜರವಾಗಿ, ಅದು ಮನೆಯವರೊಡನೆಯೇ ರಾತ್ರಿ ಕಳೆಯುತ್ತದೆ.

ಆದಕಾರಣ ಬಲೆಯ ಗುಣ ಅದನ್ನು ಕಟ್ಟುವ ಕ್ರಮದಲ್ಲಿದೆ. ಮರದ ಚೌಕಟ್ಟಿನ ಎರಡು ಕರ್ಣಗಳು ಸಮವಾಗಿದ್ದರೆ ಮೂಲೆಗಳು ನೆಟ್ಟಗಿವೆಯೆಂದು ತಿಳಿಯಬೇಕು. ಬಲೆಯನ್ನು ಚೌಕಟ್ಟಿಗಿಂತ ಕೊಂಚ ದೊಡ್ಡದಾಗಿ ಕತ್ತರಿಸಿ, ಒಂದು ಅಂಚಿಗೆ ಸಣ್ಣ ಮೊಳೆ ಹೊಡೆದು, ಎದುರಿನ ಅಂಚಿಗೆ ಬಿಗಿಯಾಗಿ ಎಳೆದು, ಬಳಿಕ ಪಕ್ಕಗಳನ್ನು ಕೂಡಿಸಿ, ಮೇಲೆ ತೆಳುವಾದ ಮರದ ಪಟ್ಟಿ ಜಡಿಯುವುದು ರೂಢಿ. ದುರಸ್ತಿ ನೇಕಾರನ ಕೆಲಸವನ್ನು ಹೋಲುತ್ತದೆ. ತೂತಿಗಿಂತ ದೊಡ್ಡದಾದ ತುಂಡೊಂದನ್ನು ತೆಗೆದುಕೊಂಡು, ಅದರ ಪ್ರತಿಯೊಂದು ಅಂಚಿನಲ್ಲಿ ಎರಡು ಮೂರು ಎಳೆಗಳನ್ನು ಬಿಚ್ಚಿ, ಉಳಿದ ತುದಿಗಳನ್ನು ಬಾಗಿಸಿ, ಹಳೆಯ ಬಲೆಯ ಕಣ್ಣುಗಳಲ್ಲಿ ತೂರಿಸಿ ಹಿಂದೆ ಮಡಿಸಿದರೆ ತೇಪೆ ನಿಲ್ಲುತ್ತದೆ. ಇದಕ್ಕೆ ಇಕ್ಕಳವೂ ತಾಳ್ಮೆಯೂ ಸಾಕು.

ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಸಿಂಪಡಣೆ ಬಳಕೆಗೆ ಬಂದು ತಂತಿಬಲೆ ಹಿನ್ನೆಲೆಗೆ ಸರಿಯಿತು. ಸೊಳ್ಳೆಗಳು ಆ ಔಷಧಕ್ಕೆ ಒಗ್ಗಿಕೊಂಡವು. ಡೆಂಗೆಯನ್ನು ಹರಡುವ ಸೊಳ್ಳೆ ಹಗಲಿನಲ್ಲೇ ಕಚ್ಚುವುದರಿಂದ ಹಾಸಿಗೆಯ ಪರದೆಯೊಂದೇ ಸಾಲದಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾ ತಡೆಗೆ ಮನೆಗಳ ಕಿಟಕಿ ಬಾಗಿಲುಗಳಿಗೆ ಬಲೆ ಹಾಕುವುದನ್ನು ಷರತ್ತುಗಳೊಡನೆ ಶಿಫಾರಸು ಮಾಡಿತು. ಸಂಶೋಧನೆಯ ಸತ್ಯ ಒಮ್ಮೆ ಸ್ಥಾಪಿತವಾದರೆ ಉಳಿಯುತ್ತದೆ. ಅದರ ಫಲವನ್ನಾದರೋ ಪ್ರತಿಯೊಂದು ಮನೆಯೂ ಮಳೆಗಾಲಕ್ಕೆ ಮುನ್ನ ತೇಪೆ ಹಾಕಿ ಉಳಿಸಿಕೊಳ್ಳಬೇಕಾಗುತ್ತದೆ. ಸಾರ್ವಜನಿಕ ಆರೋಗ್ಯದ ಚರಿತ್ರೆಯನ್ನು ಬರೆಯುವವರು ಈ ಅಜ್ಞಾತ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಯುಕ್ತ.