ಶಕ್ತಿಯ ಅಳತೆಯಿಂದ ಗುರುತಿನ ಸಾಕ್ಷ್ಯಕ್ಕೆ: ಪಿಸ್ತೂಲು ಕ್ಯಾಲಿಬರ್ ಪರೀಕ್ಷೆಯ ಚರಿತ್ರೆ

ಕ್ಯಾಲಿಬರ್‌ಗಳನ್ನು, ಅಂದರೆ ಗುಂಡಿನ ವ್ಯಾಸದ ಅಳತೆಗಳನ್ನು, ಪರೀಕ್ಷೆಗೊಡ್ಡಿ ಹೋಲಿಸುವ ಕೆಲಸಕ್ಕೆ ಎರಡು ಪರಂಪರೆಗಳಿವೆ. ಯಾವ ಗುಂಡು ಎದುರಾಳಿಯನ್ನು ಬೇಗ ತಡೆಯುತ್ತದೆ ಎಂಬುದು ಸೇನೆ, ಪೊಲೀಸರ ಪ್ರಶ್ನೆ. ಈ ಗುಂಡು ಯಾವ ಆಯುಧದಿಂದ ಹೊರಟಿತು ಎಂಬುದು ನ್ಯಾಯಾಲಯದ ಪ್ರಶ್ನೆ. ಕರ್ನಾಟಕದ ಮಟ್ಟಿಗೆ ಎರಡನೆಯದೇ ಹೆಚ್ಚು ತೂಕದ್ದು ಎಂಬುದು ಈ ಲೇಖನದ ವಾದ.

ಅಮೆರಿಕದ ಸೇನಾಧಿಕಾರಿ ಜಾನ್ ಥಾಂಪ್ಸನ್ ಮತ್ತು ಸೇನಾ ವೈದ್ಯ ಲೂಯಿ ಲಗಾರ್ಡ್ 1904ರಲ್ಲಿ ಶಿಕಾಗೊದ ಕಸಾಯಿಖಾನೆಯ ದನಗಳ ಮೇಲೂ ಮಾನವ ಶವಗಳ ಮೇಲೂ ಹಲವು ಕ್ಯಾಲಿಬರ್‌ಗಳ ಗುಂಡು ಹಾರಿಸಿ ನೋಡಿದರು. ಸೇನೆಯ ಪಿಸ್ತೂಲು .45 ಇಂಚಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿದರು. ಪ್ರಾಣಿಗಳ ಸಂಖ್ಯೆ ಕಡಿಮೆಯಿತ್ತು, ಗುಂಡು ತಗುಲಿದ ಜಾಗವೂ ಒಂದೇ ಇರಲಿಲ್ಲ; ಆದರೂ 1911ರ ಕೋಲ್ಟ್ ಪಿಸ್ತೂಲು .45 ಆಗಿಯೇ ಬಂತು. 1986ರ ಮಯಾಮಿ ಕಾಳಗದಲ್ಲಿ ತನ್ನ ಇಬ್ಬರು ಏಜೆಂಟರನ್ನು ಕಳೆದುಕೊಂಡ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಮಾಂಸವನ್ನು ಹೋಲುವ ಶೇ. 10ರ ಜೆಲಟಿನ್‌ನಲ್ಲಿ ಗುಂಡು 12ರಿಂದ 18 ಇಂಚು ಇಳಿಯಬೇಕೆಂಬ ಮಾನದಂಡ ಹಾಕಿಕೊಂಡಿತು. ಗುಂಡುಗಳ ರಚನೆ ಸುಧಾರಿಸಿದಂತೆ ಕ್ಯಾಲಿಬರ್‌ಗಳ ಅಂತರ ಕಿರಿದಾಗಿ, ಮೂರು ದಶಕಗಳ ಬಳಿಕ ಆ ಸಂಸ್ಥೆ ನಡುವೆ ಬಿಟ್ಟಿದ್ದ 9 ಎಂಎಂಗೇ ಮರಳಿತು.

ಸಾಮಾನ್ಯ ಕಾಡತೂಸುಗಳಲ್ಲಿ 9 ಎಂಎಂ ಮತ್ತು .45 ಗುಂಡುಗಳ ಚಲನಶಕ್ತಿ ಸುಮಾರು 500 ಜೂಲ್, 7.65 ಎಂಎಂ, ಅಂದರೆ .32ರದ್ದು ಸುಮಾರು 200. ಕೋಷ್ಟಕದಲ್ಲಿ ದುರ್ಬಲವಾಗಿ ಕಾಣುವ ಇದೇ ಕ್ಯಾಲಿಬರ್, 30 ಆಗಸ್ಟ್ 2015ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನೂ 5 ಸೆಪ್ಟೆಂಬರ್ 2017ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನೂ ಬಲಿ ತೆಗೆದುಕೊಂಡಿತು. ಹತ್ತಿರದಿಂದ ಹಾರಿದ ಗುಂಡಿನ ಮುಂದೆ ಜೂಲ್‌ಗಳ ಲೆಕ್ಕಕ್ಕೆ ಅರ್ಥವಿಲ್ಲ.

ಎರಡನೆಯ, ಅಂದರೆ ನ್ಯಾಯಾಲಯದ ಪರಂಪರೆಗೆ ನೆಲೆ ಒದಗಿದ್ದು 1925ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ಪ್ರಯೋಗಾಲಯದಿಂದ. ಅಲ್ಲಿನ ತಜ್ಞ ಕ್ಯಾಲ್ವಿನ್ ಗಾಡರ್ಡ್ 1927ರಲ್ಲಿ ಅಮೆರಿಕದ ಸ್ಯಾಕೊ–ವಾಂಜೆಟ್ಟಿ ಕೊಲೆ ಮೊಕದ್ದಮೆಯ .32 ಕೋಲ್ಟ್ ಪಿಸ್ತೂಲಿನ ಗುಂಡು, ಕಾಡತೂಸುಗಳನ್ನು ಹೋಲಿಕೆ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಅದರಲ್ಲಿ ಒಂದೇ ಕಣ್ಣೋಟದಲ್ಲಿ ಎಡಕ್ಕೊಂದು, ಬಲಕ್ಕೊಂದು ಕಾಡತೂಸಿನ ತಳ ಕಾಣುತ್ತದೆ: ನಡುವೆ ಫೈರಿಂಗ್ ಪಿನ್ ಹೊಡೆದ ಕುಳಿ, ಸುತ್ತ ಅರದಿಂದ ಉಜ್ಜಿದ ಲೋಹದ ಗೆರೆಗಳ ಅಚ್ಚು. ಕೈಯಿಂದ ಅರ ಉಜ್ಜಿ ಮಾಡಿದ ನಾಡ ಪಿಸ್ತೂಲಿನಲ್ಲಿ ಈ ಒರಟು ಗೆರೆಗಳೇ ಪರೀಕ್ಷಕನಿಗೆ ಆಧಾರ. ಭಾರತದಲ್ಲಿ ಕಲುವಾ ಎಂಬಾತನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನಾಡ ಪಿಸ್ತೂಲು ಮತ್ತು ಖಾಲಿ ಕಾಡತೂಸಿನ ಇಂಥ ತಾಳೆಯನ್ನು 1950ರ ದಶಕದಲ್ಲೇ ಒಪ್ಪಿಕೊಂಡಿತ್ತು.

ಕಲಬುರ್ಗಿ ಮತ್ತು ಗೌರಿ ಪ್ರಕರಣಗಳಲ್ಲಿಯೂ ಇದೇ ಕ್ರಮ ನಡೆಯಿತು. ಸ್ಥಳದಲ್ಲಿ ಸಿಕ್ಕ ಗುಂಡು, ಕಾಡತೂಸುಗಳನ್ನೇ ಪರಸ್ಪರ ಹೋಲಿಸಿದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ, ಎರಡೂ ಕಡೆ ಹಾರಿದ್ದು ಒಂದೇ ನಾಡ ಪಿಸ್ತೂಲಿನಿಂದ ಎಂಬ ಅಭಿಪ್ರಾಯ ಕೊಟ್ಟಿತು. ಎರಡು ವರ್ಷ, ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಅಂತರದ ಎರಡು ಹತ್ಯೆಗಳನ್ನು ಒಂದೇ ತನಿಖೆಯ ಎಳೆಯಲ್ಲಿ ನೋಡಲು ದಾರಿಯಾಯಿತು. ಬರೀ 7.65 ಎಂಬ ಅಂಕಿಯಿಂದ ಇದು ಆಗುತ್ತಿರಲಿಲ್ಲ. ಆ ಅಳತೆಯ ಆಯುಧಗಳು ದೇಶದಲ್ಲಿ ಧಾರಾಳವಾಗಿವೆ.

ಈ ವಿಧಾನಕ್ಕೂ ಮಿತಿಯಿದೆ. ಗೆರೆಗಳ ತಾಳೆಗೆ ಸಾಕಷ್ಟು ಸಂಖ್ಯಾಶಾಸ್ತ್ರೀಯ ಬುನಾದಿಯಿಲ್ಲವೆಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2009ರ ವರದಿ ಎತ್ತಿದ ಆಕ್ಷೇಪ ನಮಗೂ ಅನ್ವಯಿಸುತ್ತದೆ. ನಮ್ಮ ಕಾನೂನಿನಲ್ಲಿಯೂ ತಜ್ಞರ ಮಾತು ಅಭಿಪ್ರಾಯವೇ ಹೊರತು ತೀರ್ಪಲ್ಲ. ಆದ್ದರಿಂದ ವರದಿಯಲ್ಲಿ ನಿರ್ಣಯದ ಜೊತೆಗೆ ಹೋಲಿಕೆಯ ಛಾಯಾಚಿತ್ರಗಳೂ ಕಾರಣಗಳೂ ಇರಬೇಕು. ಆಪಾದಿತರ ಪರ ವಕೀಲರು ಅದನ್ನು ಒರೆಗೆ ಹಚ್ಚಬೇಕು. ಆ ಪರೀಕ್ಷೆಯಲ್ಲಿ ಗೆದ್ದು ನಿಂತ ಸಾಕ್ಷ್ಯವೇ ಕೊಲೆಯಾದವರಿಗೆ ನಾವು ಸಲ್ಲಿಸಬಹುದಾದ ಗಟ್ಟಿಯಾದ ನ್ಯಾಯ.