ವೀಣೆಯೂ ಲೇಖನಿಯೂ: ಸುಬ್ಬರಾಮ ದೀಕ್ಷಿತರ ಗ್ರಂಥರಚನೆ

ಸಂಗೀತಕ್ಕೆ ಲಕ್ಷ್ಯವೆಂದೂ ಲಕ್ಷಣವೆಂದೂ ಎರಡು ಮುಖಗಳುಂಟು. ಲಕ್ಷ್ಯವು ಹಾಡುವವರ ಕಂಠದಲ್ಲಿಯೂ ನುಡಿಸುವವರ ಬೆರಳುಗಳಲ್ಲಿಯೂ ನೆಲಸಿರುವುದು, ಲಕ್ಷಣವು ಗ್ರಂಥಗಳಲ್ಲಿ. ನಿತ್ಯಸಾಧನೆಯೂ ಗ್ರಂಥರಚನೆಯೂ ಮನುಷ್ಯನ ಕಾಲವನ್ನೆಲ್ಲ ಬೇಡುವುವಾದುದರಿಂದ, ಒಂದನ್ನು ಹಿಡಿದವನು ಮತ್ತೊಂದನ್ನು ಬಿಡಲೇಬೇಕೆಂಬ ಭಾವನೆಯು ಸಾಮಾನ್ಯವಾಗಿದೆ. ಎಟ್ಟಯಪುರದ ಆಸ್ಥಾನವಿದ್ವಾಂಸರೂ ವೈಣಿಕರೂ ಆಗಿದ್ದ ಸುಬ್ಬರಾಮ ದೀಕ್ಷಿತರ (೧೮೩೯–೧೯೦೬) ಗ್ರಂಥವನ್ನು ಪರಿಶೀಲಿಸಿದರೆ ಈ ಭಾವನೆಯು ಪೂರ್ಣವಾಗಿ ನಿಲ್ಲಲಾರದು.

ವೀಣೆಯನ್ನು ಆಧಾರವಾಗಿಟ್ಟುಕೊಂಡು ಶಾಸ್ತ್ರವನ್ನು ಬರೆಯುವ ಪದ್ಧತಿಯು ದೀಕ್ಷಿತರಿಗಿಂತ ಪ್ರಾಚೀನವಾದುದು. ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ, ಕನ್ನಡ ಮನೆತನದ ಗೋವಿಂದ ದೀಕ್ಷಿತರ ಪುತ್ರನಾದ ವೆಂಕಟಮಖಿಯು ೧೭ನೆಯ ಶತಮಾನದಲ್ಲಿ ರಚಿಸಿದ ‘ಚತುರ್ದಂಡೀಪ್ರಕಾಶಿಕೆ’ಯು ವೀಣಾಪ್ರಕರಣದಿಂದಲೇ ಮೊದಲಾಗುತ್ತದೆ. ಅಲ್ಲಿ ನಿರೂಪಿತವಾದ ೭೨ ಮೇಳಗಳ ವ್ಯವಸ್ಥೆಯೇ ಸುಬ್ಬರಾಮ ದೀಕ್ಷಿತರ ಗ್ರಂಥಕ್ಕೂ ಚೌಕಟ್ಟಾಯಿತು.

ಸುಬ್ಬರಾಮ ದೀಕ್ಷಿತರು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲಸ್ವಾಮಿ ದೀಕ್ಷಿತರ ದೌಹಿತ್ರರು. ಅವರಿಗೇ ದತ್ತುಪುತ್ರರಾಗಿ, ಅವರಿಂದಲೇ ವಿದ್ಯೆಯನ್ನು ಪಡೆದವರು. ಆ ಮನೆತನದ ಕೃತಿಗಳು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರುತ್ತಿದ್ದುವು. ಧಾರಣೆಯುಳ್ಳವರು ತೀರಿಕೊಂಡರೆ ಅವರೊಡನೆ ಪಾಠವೂ ಅಳಿಯುವ ಭಯವಿತ್ತು. ೧೮೯೨ರಲ್ಲಿ ಕರ್ಣಾಟಕ ಸಂಗೀತವನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಪ್ರಕಟಿಸತೊಡಗಿದ ಚಿನ್ನಸ್ವಾಮಿ ಮೊದಲಿಯಾರರ ಪ್ರೇರಣೆಯಿಂದಲೂ ಎಟ್ಟಯಪುರದ ರಾಜರ ಆಶ್ರಯದಿಂದಲೂ ದೀಕ್ಷಿತರು ಬರವಣಿಗೆಗೆ ಕೈಯಿಟ್ಟರು. ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯು ೧೯೦೪ರಲ್ಲಿ ಎಟ್ಟಯಪುರದ ವಿದ್ಯಾವಿಲಾಸಿನೀ ಮುದ್ರಣಾಲಯದಿಂದ ತೆಲುಗಿನಲ್ಲಿ ಹೊರಬಿದ್ದಿತು.

ಈ ಗ್ರಂಥದ ವೈಶಿಷ್ಟ್ಯವು ಗಮಕಗಳ ನಿರೂಪಣೆಯಲ್ಲಿದೆ. ಸ್ವರಾಕ್ಷರಗಳನ್ನು ಮಾತ್ರ ಬರೆದರೆ ರಾಗದ ಅಸ್ಥಿಪಂಜರವು ಉಳಿದೀತೇ ಹೊರತು ಜೀವವು ಉಳಿಯದು. ಆದುದರಿಂದ ದೀಕ್ಷಿತರು ಒಂದೊಂದು ಗಮಕಕ್ಕೂ ಸಂಜ್ಞೆಯನ್ನು ಗೊತ್ತುಮಾಡಿ, ಅದರ ಲಕ್ಷಣವನ್ನು ವೀಣೆಯ ಮೇಲಿನ ಬೆರಳಿನ ವ್ಯಾಪಾರದಿಂದಲೇ ವಿವರಿಸಿದರು. ಸ್ವರಸ್ಥಾನದಲ್ಲಿ ತಂತಿಯನ್ನು ಅದುಮಿ ಅಲುಗಿಸುವುದು ಕಂಪಿತ; ಒಂದು ಸ್ಥಾನದಿಂದ ಮತ್ತೊಂದಕ್ಕೆ ಬೆರಳನ್ನು ಜಾರಿಸುವುದು ಜಾರು; ಒಂದೇ ಸ್ಥಾನದಲ್ಲಿ ತಂತಿಯನ್ನೆಳೆದು ಮುಂದಿನ ಸ್ವರವನ್ನು ನುಡಿಸುವುದು ಒದುಕ್ಕಲ್. ಇಂತಹ ಲಕ್ಷಣಗಳು ಪುಸ್ತಕಗಳನ್ನು ಓದಿದುದರಿಂದ ಮಾತ್ರ ಹುಟ್ಟತಕ್ಕವಲ್ಲ. ಸಾಧನೆಯಲ್ಲಿ ಕಳೆದ ಕಾಲವು ಇಲ್ಲಿ ಬರವಣಿಗೆಗೆ ನಷ್ಟವಾಗದೆ ಮೂಲಧನವಾಯಿತು.

ಇದೇ ಗ್ರಂಥದ ವಾಗ್ಗೇಯಕಾರ ಚರಿತ್ರವು ಬೇರೆ ಬಗೆಯ ಬರವಣಿಗೆ. ಮುತ್ತುಸ್ವಾಮಿ ದೀಕ್ಷಿತರು ೧೮೩೫ರಲ್ಲಿ ದಿವಂಗತರಾದರು. ಸುಬ್ಬರಾಮ ದೀಕ್ಷಿತರು ಜನಿಸಿದುದು ನಾಲ್ಕು ವರ್ಷಗಳ ತರುವಾಯ. ಆದಕಾರಣ ದೊಡ್ಡಪ್ಪನವರ ಚರಿತ್ರೆಯನ್ನು ಅವರು ಕಂಡು ಬರೆದುದಲ್ಲ, ಮನೆಯಲ್ಲಿ ಕೇಳಿ ಬರೆದುದು. ಮುಂದಿನ ಚರಿತ್ರಕಾರರಿಗೆ ಇದೇ ಮುಖ್ಯ ಆಕರವಾದುದರಿಂದ ಅದರ ಬೆಲೆ ಹಿರಿದು. ಆದರೂ ಅದರ ಸಂಗತಿಗಳನ್ನು ಇತರ ಸಾಕ್ಷ್ಯಗಳೊಡನೆ ಹೋಲಿಸಿಯೇ ಸ್ವೀಕರಿಸಬೇಕು. ಗಮಕಗಳ ವಿಷಯವಾದರೋ ಹಾಗಲ್ಲ. ವೀಣೆಯನ್ನು ಬಲ್ಲವನು ಆ ಸಂಜ್ಞೆಗಳನ್ನು ನುಡಿಸಿ ನೋಡಿ, ಬರೆದುದು ಕಿವಿಗೆ ಒಪ್ಪುವುದೇ ಎಂಬುದನ್ನು ತಾನೇ ನಿರ್ಣಯಿಸಬಹುದು. ಕಲಾವಿದರನ್ನು ಕುರಿತ ಬರವಣಿಗೆಗೆ ಸಾಕ್ಷ್ಯವು ಪ್ರಮಾಣ. ಕಲೆಯನ್ನು ಕುರಿತ ಬರವಣಿಗೆಗೆ ಸಾಧನೆಯೇ ಪ್ರಮಾಣ.

ಗ್ರಂಥವು ಗುರುವಿನ ಸ್ಥಾನವನ್ನು ತುಂಬುವುದೆಂಬ ಭ್ರಾಂತಿಗೂ ಈ ಮನೆತನದ ಚರಿತ್ರೆಯಲ್ಲಿ ಎಡೆಯಿಲ್ಲ. ೧೯೦೫ರಲ್ಲಿ ದೀಕ್ಷಿತರು ಅಭ್ಯಾಸಿಗಳಿಗಾಗಿ ‘ಪ್ರಥಮಾಭ್ಯಾಸ ಪುಸ್ತಕಮು’ ಎಂಬುದನ್ನು ಪ್ರಕಟಿಸಿದರು. ಮಹಾಗ್ರಂಥವನ್ನು ಮುಗಿಸಿದ ಲೇಖನಿಯು ಪುನಃ ಮೊದಲ ಪಾಠಕ್ಕೆ ಮರಳಿತು. ಅವರ ಪುತ್ರರಾದ ಅಂಬಿ ದೀಕ್ಷಿತರು ಮುಖಪಾಠದ ಪರಂಪರೆಯನ್ನು ಮುಂದುವರಿಸಿದರು. ಮದರಾಸಿನ ಸಂಗೀತ ವಿದ್ವತ್ಸಭೆಯು ೧೯೬೧ರಿಂದ ‘ಪ್ರದರ್ಶಿನಿ’ಯನ್ನು ತಮಿಳು ಲಿಪಿಯಲ್ಲಿ ಸಂಪುಟಗಳಾಗಿ ಹೊರತಂದುದರಿಂದ ಅದು ಮತ್ತಷ್ಟು ಜನರ ಕೈಗೆ ಸೇರಿತು. ಆದರೆ ಅದರ ಸಂಜ್ಞೆಗಳು ನಾದವಾಗುವುದು, ದಿನದಿನವೂ ವೀಣೆಯನ್ನು ಮಡಿಲಲ್ಲಿರಿಸಿಕೊಳ್ಳುವವರಿಂದಲೇ.