ಹಿಡನ್ ಆಬ್ಜೆಕ್ಟ್ ಪತ್ತೇದಾರಿ ಆಟಗಳು

ಕಿಕ್ಕಿರಿದ ಚಿತ್ರದಲ್ಲಿ ಬೆರೆತುಹೋದ ವಸ್ತುಗಳನ್ನು ಪಟ್ಟಿ ನೋಡಿ ಹುಡುಕುತ್ತ, ಸಿಕ್ಕಿದ್ದರ ಬಲದಿಂದ ಒಂದು ಕೊಲೆಯ, ಕಣ್ಮರೆಯ ಅಥವಾ ಶಾಪದ ಗುಟ್ಟು ಬಿಡಿಸುವ ವಿಡಿಯೊ ಗೇಮ್ ಪ್ರಕಾರವಿದು. ಸಾಹಸ ಆಟಗಳ ಅಭಿಮಾನಿಗಳಲ್ಲಿ ಹಲವರು ಇದನ್ನು ಹೊತ್ತು ಕಳೆಯುವ ಹಗುರ ಸರಕೆಂದು ಕಡೆಗಣಿಸುತ್ತ ಬಂದಿದ್ದಾರೆ. ಆದರೆ ಸಾಹಸ ಆಟವನ್ನು ಬಹುಕಾಲ ಕಾಡಿದ ತೊಡಕೊಂದನ್ನು ಬಿಡಿಸಿದ್ದೇ ಈ ಹುಡುಕಾಟ ಎಂಬುದು ಇದರ ಚರಿತ್ರೆಯಿಂದ ಕಾಣುತ್ತದೆ.

ಆ ತೊಡಕಿನ ಬೇರು ಇರುವುದು ಆಟಕ್ಕೆ ಚಿತ್ರ ಸೇರಿದ್ದರಲ್ಲಿ. ರಾಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿ 1980ರಲ್ಲಿ ಆಪಲ್ 2 ಕಂಪ್ಯೂಟರಿಗೆ ತಂದ 'ಮಿಸ್ಟರಿ ಹೌಸ್' ಚಿತ್ರಗಳಿದ್ದ ಮೊದಲ ಸಾಹಸ ಆಟವೆಂದು ಹೆಸರಾಗಿದೆ. ಅಗಾಥಾ ಕ್ರಿಸ್ಟಿಯ ಪ್ರಭಾವದ ಆ ಬಂಗಲೆಯ ಕಥೆಯಲ್ಲಿ ಆಟಗಾರ ಪದಗಳನ್ನು ಟೈಪ್ ಮಾಡಿ ಮುಂದುವರಿಯುತ್ತಿದ್ದ. ಮುಂದೆ ಮೌಸ್ ಬಂದು ಚಿತ್ರಗಳೂ ಸಮೃದ್ಧವಾದಾಗ, ಹಿನ್ನೆಲೆಯಲ್ಲಿ ಕರಗಿಹೋದ ಒಂದು ಕೀಲಿಕೈಗಾಗಿ ಪರದೆಯ ಮೂಲೆಮೂಲೆಯನ್ನೂ ಒತ್ತಿ ನೋಡುವ ಗತಿ ಬಂತು. ಏನನ್ನು ಹುಡುಕುತ್ತಿದ್ದೇವೆಂಬುದೇ ತಿಳಿಯದ ಹುಡುಕಾಟ ಅದು. ಇತ್ತ ಮಕ್ಕಳ ಪುಸ್ತಕಗಳು ಅದೇ ಶ್ರಮವನ್ನು ಸಂತೋಷವಾಗಿಸಿದ್ದವು. ಮಾರ್ಟಿನ್ ಹ್ಯಾಂಡ್‌ಫರ್ಡ್ 1987ರಲ್ಲಿ ವಾಲಿ ಎಂಬ ಪಾತ್ರವನ್ನು ಜನಜಂಗುಳಿಯಲ್ಲಿ ಅಡಗಿಸಿಟ್ಟರು. 1992ರ 'ಐ ಸ್ಪೈ'ಯಲ್ಲಿ ವಾಲ್ಟರ್ ವಿಕ್ ಅವರ ಛಾಯಾಚಿತ್ರಗಳಿಗೆ ಜೀನ್ ಮಾರ್ಜೊಲೊ ಪ್ರಾಸದ ಒಗಟು ಹೆಣೆದರು. ಯಾವ ವಸ್ತು ಎಂಬುದು ಮೊದಲೇ ಗೊತ್ತು, ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಈ ಎರಡು ಧಾರೆಗಳನ್ನು ಗಟ್ಟಿಯಾಗಿ ಕೂಡಿಸಿ ಜನಪ್ರಿಯಗೊಳಿಸಿದ್ದು ಅಮೆರಿಕದ ಸಿಯಾಟಲ್‌ನ ಬಿಗ್ ಫಿಶ್ ಗೇಮ್ಸ್ 2005ರಲ್ಲಿ ಹೊರತಂದ 'ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್'. ಕೊಲೆ ನಡೆದ ಕೋಣೆಯಲ್ಲಿ ಬಾಳೆಹಣ್ಣು, ಪಿಟೀಲು ಹುಡುಕುವುದು ಎಂಥ ಪತ್ತೇದಾರಿಕೆ ಎಂಬ ಆಕ್ಷೇಪ ಇಂಥ ಆಟಗಳಿಗೆ ಸಲ್ಲತಕ್ಕದ್ದೇ. ಅಲ್ಲಿ ಪಟ್ಟಿಗೂ ಅಪರಾಧಕ್ಕೂ ನಂಟು ತೀರ ತೆಳು. ಮೇಲಾಗಿ ಗಡಿಯಾರ ಬೆನ್ನಟ್ಟುತ್ತಿರುತ್ತದೆ. ಆದರೆ ಪ್ರಕಾರ ಅಲ್ಲಿಗೇ ನಿಲ್ಲಲಿಲ್ಲ. ಅದೇ ಸರಣಿಯ 2006ರ 'ರೇವನ್‌ಹರ್ಸ್ಟ್'ನಲ್ಲಿ ಹುಡುಕಾಟದ ಜೊತೆಗೆ ಎಮಾ ಎಂಬಾಕೆಯ ದಿನಚರಿ ತೆರೆದುಕೊಳ್ಳತೊಡಗಿತು. 2008ರ 'ರಿಟರ್ನ್ ಟು ರೇವನ್‌ಹರ್ಸ್ಟ್'ನಲ್ಲಿ ಆಟಗಾರ ಬಂಗಲೆಯೊಳಗೆ ತಾನೇ ಓಡಾಡಬಹುದಾಯಿತು. ಒಂದೆಡೆ ಸಿಕ್ಕ ವಸ್ತು ಇನ್ನೊಂದೆಡೆಯ ಬಾಗಿಲು ತೆರೆಯಿತು. ಹುಡುಕಿದ್ದಕ್ಕೆ ಉಪಯೋಗ, ಉಪಯೋಗಕ್ಕೆ ಕಥೆ ಎಂಬ ಸರಪಳಿ ಇಲ್ಲಿ ಕೂಡಿಬಂತು. ಈ ಸರಪಳಿಯೇ ಪ್ರಕಾರದ ನಿಜವಾದ ಸಾಧನೆ.

ಇದರಲ್ಲಿ ಕಣ್ಣಿಗೆ ಕೆಲಸವಿದೆ, ಬುದ್ಧಿಗಿಲ್ಲ ಎನ್ನುವುದು ಇನ್ನೊಂದು ಆಕ್ಷೇಪ. ಪೋಲೆಂಡಿನ ಆರ್ಟಿಫೆಕ್ಸ್ ಮುಂಡಿಯ 'ಎನಿಗ್ಮಾಟಿಸ್: ದಿ ಘೋಸ್ಟ್ಸ್ ಆಫ್ ಮೇಪಲ್ ಕ್ರೀಕ್' (2011) ಇದಕ್ಕೆ ಒಳ್ಳೆಯ ಉತ್ತರ: ಸಿಕ್ಕ ಸುಳಿವುಗಳನ್ನು ಸಾಕ್ಷ್ಯಫಲಕದ ಮೇಲೆ ಒಂದಕ್ಕೊಂದು ಹೊಂದಿಸಿ ಆಟಗಾರ ತಾನೇ ತರ್ಕಿಸಬೇಕು. ನಿಜವಾದ ಹಿನ್ನಡೆ ಬಂದದ್ದು ವ್ಯಾಪಾರದ ದಾರಿ ಬದಲಾದಾಗ. ಮೊದಲ ಕಾಲದ ಆಟಗಳನ್ನು ಒಂದು ಗಂಟೆ ಉಚಿತವಾಗಿ ಆಡಿ, ಹಿಡಿಸಿದರೆ ಕೊಳ್ಳಬಹುದಿತ್ತು. ಹಾಗಾಗಿ ಕಥೆ ಆ ಗಂಟೆಯೊಳಗೇ ಕುತೂಹಲ ಕಟ್ಟಬೇಕಿತ್ತು. ಪ್ಯಾರಿಸ್ಸಿನ ಪ್ರಿಟಿ ಸಿಂಪಲ್ 2012ರಲ್ಲಿ ಫೇಸ್‌ಬುಕ್‌ಗೆ ತಂದ 'ಕ್ರಿಮಿನಲ್ ಕೇಸ್'ನಲ್ಲಿ ಆಟ ಉಚಿತ, ಆದರೆ ಪ್ರತಿ ದೃಶ್ಯಕ್ಕೂ ಆಟದೊಳಗಿನ 'ಶಕ್ತಿ' ಖರ್ಚಾಗುತ್ತದೆ, ತನಿಖೆ ಸಾಗಲು ಅದೇ ದೃಶ್ಯವನ್ನು ಮತ್ತೆ ಮತ್ತೆ ಆಡಿ ನಕ್ಷತ್ರ ಗಳಿಸಬೇಕು. ಕೋಟಿಗಟ್ಟಲೆ ಜನರನ್ನು ಅದು ತಲುಪಿತು ನಿಜ. ಆದರೂ ಒಮ್ಮೆ ಸಿಕ್ಕ ಸುಳಿವನ್ನು ಹತ್ತನೆಯ ಸಲ ಹುಡುಕುವಾಗ ತನಿಖೆಯ ಕಾವು ಉಳಿಯುವುದಿಲ್ಲ. ಬರ್ಲಿನ್‌ನ ವೂಗಾ 2017ರಲ್ಲಿ ತಂದ, 1920ರ ದಶಕದ ಕಥೆಯುಳ್ಳ 'ಜೂನ್ಸ್ ಜರ್ನಿ' ಮೊಬೈಲಿನಲ್ಲಿ ಇದೇ ದಾರಿ ಹಿಡಿಯಿತು.